ಕೆಂಪು ನೀರಿಗೆ ಬಿದ್ದ ಗರಿಗಾಳ

ಭಾವ ತಂದುಕೊಟ್ಟ ಸಿಗರೇಟು ಡಬ್ಬಿಯಲ್ಲಿ ಹನ್ನೊಂದು ಗಾಳಗಳಿದ್ದವು. ಅಲ್ಲಿಯವರೆಗೆ ನಾನು ನೋಡಿದ್ದ ಗಾಳಗಳಿಗೆ ಒಂದೇ ಕೊಕ್ಕೆ. ಇವಕ್ಕೆ ಮೂರು ಮೂರು, ಒಂದಕ್ಕೊಂದು ಬೆನ್ನು ಕೊಟ್ಟು ಮೂರು ದಿಕ್ಕಿಗೆ ಮುಖ ಮಾಡಿದ್ದವು. ಮೂರೂ ಕೂಡುವ ಕಡ್ಡಿಯ ಮೇಲೆ ಹರಿದ ನೂಲಿನ ಚೂರು, ಮುರಿದ ಗರಿಯ ದಂಟು ಅಂಟಿಕೊಂಡಿತ್ತು. ಹತ್ತು ಹೀಗೆ ಬೋಳಾಗಿದ್ದವು. ಹನ್ನೊಂದನೆಯದರಲ್ಲಿ ಮಾತ್ರ ಕೆಂಪು ಗರಿಗಳ ಕುಚ್ಚು ಇನ್ನೂ ಗಟ್ಟಿಯಾಗಿತ್ತು.

"ಇದನ್ನ ನೋಡ್ಕೊಂಡು ಮಿಕ್ಕಿದ್ದಕ್ಕೂ ಗರಿ ಕಟ್ಬೇಕಂತೆ. ನಿನ್ ಕೈಲಿ ಆಗುತ್ತೇನೋ?" ಅಂದರು ಭಾವ.

"ನೂಲು ಸುತ್ತೋ ಕೆಲಸ ತಾನೆ? ಹುಟ್ಟಿದಾಗಿಂದ ಇನ್ನೇನು ಮಾಡಿದೀನಿ" ಅಂದೆ. ಜಂಬದ ಮಾತು. ನನ್ನ ಬಾಯಿ ಯಾವಾಗಲೂ ಕೈಗಿಂತ ಒಂದು ಹೆಜ್ಜೆ ಮುಂದೆ.

ಭಾವ ಅಂದರೆ ನನ್ನ ಅಕ್ಕನ ಗಂಡ, ಹೊಸಕೋಟೆಯ ಪ್ರವಾಸಿ ಬಂಗಲೆಯಲ್ಲಿ ಅಡುಗೆಯವರು. ಯುದ್ಧದ ಕಾಲ. ಬೆಂಗಳೂರಿನಲ್ಲಿ ವಿಮಾನ ರಿಪೇರಿಗೆಂದು ಬಂದಿದ್ದ ಅಮೆರಿಕದ ಎಂಜಿನಿಯರ್ ಸಾಹೇಬರೊಬ್ಬರು ಪ್ರತಿ ಶನಿವಾರ ಜೀಪಿನಲ್ಲಿ ಆ ಬಂಗಲೆಗೆ ಬಂದು, ಭಾನುವಾರವೆಲ್ಲ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ಅವರ ಊರಿನ ಕೆರೆಗಳಲ್ಲಿ ಬಾಸ್ ಅನ್ನುವ ಮೀನಿದೆಯಂತೆ. ಅದಕ್ಕೆಂದೇ ಮಾಡಿದ ಬಣ್ಣದ ಮರದ ಮೀನುಗಳನ್ನು ಪೆಟ್ಟಿಗೆ ತುಂಬ ತಂದಿದ್ದರು. ಮರದ ಮೀನಿನ ಬಾಲಕ್ಕೆ ಈ ಮೂರು ಕೊಕ್ಕೆಯ ಗಾಳ, ಗಾಳಕ್ಕೆ ಗರಿ. ಇಲ್ಲಿ ಬಾಸ್ ಎಲ್ಲಿಂದ ಬರಬೇಕು? ಅದನ್ನೇ ನಮ್ಮ ಕೊರಮೀನಿಗೆ ಎಸೆದರು. ಕೊರಮೀನಿನ ಹಲ್ಲು ಎರಡು ತಿಂಗಳಲ್ಲಿ ಗರಿಯನ್ನೆಲ್ಲ ಕಿತ್ತು ಹಾಕಿತ್ತು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆಗ ಮಗ್ಗದ ಸದ್ದೇ ಇರಲಿಲ್ಲ. ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿತ್ತು. ಮಿಕ್ಕ ನೂಲು ಬೇಕಾದರೆ ಸರ್ಕಾರದ ಚೀಟಿ ಬೇಕು, ಚೀಟಿ ಬೇಕಾದರೆ ದೊಡ್ಡವರ ಮಾತು ಬೇಕು. ನನ್ನ ಮಗ್ಗ ನಾಲ್ಕು ತಿಂಗಳಿಂದ ಖಾಲಿ ಬಿದ್ದಿತ್ತು. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂರುತ್ತಿದ್ದೆ, ಕೂತು ಮನೆಯವಳ ಮೇಲೆ ರೇಗುತ್ತಿದ್ದೆ. ಹಾಗಾಗಿ ಗಾಳದ ಕೆಲಸಕ್ಕೆ ಒಪ್ಪಿದ್ದು ಬರೀ ಗಾಳಕ್ಕಲ್ಲ. ವಿಮಾನದ ಸಾಹೇಬರಿಗೆ ನೂಲು ಹಂಚುವ ದೊಡ್ಡವರ ಪರಿಚಯವಿದ್ದೇ ಇರುತ್ತದೆ, ಅವರು ಮನಸ್ಸು ಮಾಡಿದರೆ ಒಂದು ಚೀಟಿ ಯಾವ ಲೆಕ್ಕ ಎಂದು ಆವತ್ತೇ ನನ್ನ ತಲೆಗೆ ಬಂತು. ಮುಂದೆ ಆದದ್ದಕ್ಕೆಲ್ಲ ಬೀಜ ಅದು.

ನೇಯುವವನು ಹೊಸ ಸೀರೆ ಕಂಡರೆ ಮೊದಲು ಅದರ ಹಿಂಬದಿ ನೋಡುತ್ತಾನೆ. ನಾನೂ ಆ ಹನ್ನೊಂದನೆಯ ಗಾಳವನ್ನು ಬಿಚ್ಚಿ ನೋಡಿದೆ. ಸುತ್ತು ಎಣಿಸುತ್ತ ನಿಧಾನವಾಗಿ ನೂಲು ಬಿಡಿಸಿದೆ. ಮೊದಲು ಬರೀ ಕಡ್ಡಿಯ ಮೇಲೆ ಒತ್ತೊತ್ತಾಗಿ ಒಂದು ಸುತ್ತಿನ ಸಾಲು, ಗರಿ ಜಾರದಿರಲೆಂದು. ಅದರ ಮೇಲೆ ಗರಿಗಳು, ಎರಡು ಕೊಕ್ಕೆಗಳ ನಡುವಿನ ಸಂದಿಗೆ ಎರಡರಂತೆ, ಕೊಕ್ಕೆಯ ಮೊನೆಗೆ ಅಡ್ಡ ಬಾರದ ಹಾಗೆ. ಗರಿಯ ಬೆನ್ನು ಒಳಕ್ಕೆ, ಹೊಟ್ಟೆ ಹೊರಕ್ಕೆ. ಆಗ ಅವು ಹೊರಗೆ ಬಾಗಿ ಅರಳಿದಂತೆ ನಿಲ್ಲುತ್ತವೆ. ಮತ್ತೆ ಬುಡದ ಮೇಲೆ ಸುತ್ತು, ಕೊನೆಯಲ್ಲಿ ಗಂಟಿಲ್ಲ. ನೂಲಿನ ತುದಿಯನ್ನು ಅದರದೇ ಸುತ್ತಿನ ಅಡಿಗೆ ತೂರಿಸಿ ಎಳೆದು ಮುಗಿಸಿದ್ದರು. ಯಾವನೋ ಕೆಲಸ ಬಲ್ಲವನು ಕಟ್ಟಿದ್ದ. ಸಮುದ್ರದಾಚೆ ಕೂತ ಆ ಕಾಣದ ಮನುಷ್ಯನ ಮೇಲೆ ನನಗೆ ಗೌರವ ಬಂತು, ಹಿಂದೆಯೇ ಹೊಟ್ಟೆಕಿಚ್ಚೂ ಬಂತು.

ಪೇಟೆಯ ಮಾಂಸದ ಅಂಗಡಿಯವನಿಂದ ಕೆಂಪು ಹುಂಜದ ಕುತ್ತಿಗೆಯ ಚರ್ಮವನ್ನು ಗರಿಸಮೇತ ಇಸಿದುಕೊಂಡು ಬಂದೆ. ಬಾಲದ ಗರಿ ಬಿರುಸು, ನೀರಲ್ಲಿ ಕಡ್ಡಿಯ ಹಾಗೆ ನಿಲ್ಲುತ್ತದೆ. ಎದೆಯ ಪುಕ್ಕ ನೆಂದು ಮುದ್ದೆಯಾಗುತ್ತದೆ. ಕುತ್ತಿಗೆಯ ಗರಿಯೇ ಸರಿ.

"ಮಗ್ಗದ ಮನೆ ಒಳಗೆ ಕೋಳಿ ಪುಕ್ಕ ತರ್ತೀರಾ? ನೂಲಿಲ್ಲ ಅಂತ ಅಳ್ತಿದ್ರಿ, ಇನ್ನು ಲಕ್ಷ್ಮಿ ಈ ಕಡೆ ತಲೆನೂ ಹಾಕಲ್ಲ" ಎಂದು ಮನೆಯವಳು ನನ್ನನ್ನೂ ಪುಕ್ಕವನ್ನೂ ಜಗಲಿಗೆ ಅಟ್ಟಿದಳು. ಜಗಲಿಯಲ್ಲೇ ಬಿದಿರಿನ ಸೀಳಿಗೆ ಗಾಳ ಸಿಕ್ಕಿಸಿ, ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಳೆಯ ಹಾಸಿನಿಂದ ಉಳಿದಿದ್ದ ರೇಷ್ಮೆ ಎಳೆಗಳನ್ನು ಹುರಿ ಮಾಡಿ, ಎರಡು ದಿನ ಕೂತು ಹನ್ನೊಂದನ್ನೂ ಕಟ್ಟಿದೆ. ಒಣಗಿದ ಮೇಲೆ ಉಗುರಿನಿಂದ ಕೆದಕಿದರೂ ಒಂದು ಸುತ್ತು ಅಲುಗಲಿಲ್ಲ. ತಂತಿ ಸುತ್ತಿದ ಹಾಗಿತ್ತು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ.

ಆ ಭಾನುವಾರ ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಎರಡು ಕಡೆ ನಿಂತು, ಇಳಿಸಿ ತಳ್ಳಿಸಿಕೊಂಡು, ಅಂತೂ ಹೊಸಕೋಟೆ ಮುಟ್ಟಿಸಿತು. ಸಾಹೇಬರು ಉದ್ದನೆಯ ಮನುಷ್ಯ, ಬಿಸಿಲಿಗೆ ಮೂಗು ಸುಲಿದಿತ್ತು. ಮಾಧ್ಯಮಿಕ ಶಾಲೆಯಲ್ಲಿ ಕಲಿತಿದ್ದ ನನ್ನ ಇಂಗ್ಲಿಷಿಗೆ ಅವರು ತಾಳ್ಮೆಯಿಂದ ಕಾಯುತ್ತಿದ್ದರು. ಗಾಳವನ್ನು ಬೆಳಕಿಗೆ ಹಿಡಿದು ನೋಡಿ, "ನೂಲು ನೇಯುವವನ ಕಣ್ಣು ಇದು" ಎಂದರು. ಆ ಒಂದು ಮಾತಿಗೆ ನಾನು ಉಬ್ಬಿಹೋದೆ.

ಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದವನು ಬೆಸ್ತರ ಒಬ್ಬ ಮುದುಕ. ಊರಿಗೆಲ್ಲ ಅವನು ತಾತ, ನನಗೂ ತಾತನೇ ಆದ. ಅಷ್ಟು ದಿನ ಸಾಹೇಬರು ದಡದಿಂದಲೇ ಎಸೆಯುತ್ತಿದ್ದರು. ಈಗ ಮಾತು ದಾಟಿಸಲು ನಾನು ಸಿಕ್ಕಿದ್ದರಿಂದ ತಾತ ಹರಿಗೋಲು ಕೊಡಲು ಒಪ್ಪಿದ. ಆದರೆ ಹತ್ತುವ ಮೊದಲು ನನ್ನ ಕೈ ಹಿಡಿದು ಹರಿಗೋಲಿನ ಅಂಚಿನ ಮೇಲೆ ಇಡಿಸಿದ.

"ನೋಡಪ್ಪಾ, ನಿಮ್ಮ ದೊರೆಗೆ ಬುಡಿಸಿ ಹೇಳು. ನೀರು ಕೆಂಪಾಗಿ ಕುದಿಯೋ ಹಂಗೆ ಕಂಡ್ರೆ ಅಲ್ಲಿ ಬಾಣಂತನ ನಡೀತೈತೆ ಅಂತ. ಕೊರಮೀನು ಮರಿ ಹಾಕ್ಕೊಂಡಿರ್ತದೆ. ಅಲ್ಲಿ ಬಲೆ ಬಿಡಂಗಿಲ್ಲ, ಗಾಳ ಎಸೆಯಂಗಿಲ್ಲ. ಮರಿ ಕಪ್ಪಾಗಿ ಬೇರೆ ಹೋಗೋಗಂಟ ನಾವು ಹುಟ್ಟು ಕೂಡ ಸದ್ದು ಮಾಡಲ್ಲ. ಗಂಗಮ್ಮನ ಮೇಲೆ ಆಣೆ ಇಡು."

ಆಣೆ ಇಟ್ಟೆ. ಆ ಬಾಣಂತನ ಎಂಥದೆಂದು ತಾತ ವಿವರಿಸಿದ. ಕೊರಮೀನಿನ ಮರಿಗಳು ಕಡ್ಡಿಯಷ್ಟು ಸಣ್ಣ, ಕುಂಕುಮದ ಬಣ್ಣ. ನೂರಾರು ಒಟ್ಟಾಗಿ ಉಸಿರಿಗೆ ಮೇಲೆ ಬರುತ್ತವೆ, ಮತ್ತೆ ಮುಳುಗುತ್ತವೆ. ದೊಡ್ಡ ಮೀನು ಮೊಳದಷ್ಟು ಕೆಳಗೆ ಕಾವಲು ನಿಂತಿರುತ್ತದೆ. ಹಸಿವಿಲ್ಲದಿದ್ದರೂ ಆಗ ಅದು ಎದುರು ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ. "ಆಗ ಹಿಡಿಯೋದು ಯಾವ ದೊಡ್ಡಸ್ತಿಕೆ? ಬಾಣಂತಿ ಮನೆ ಬಾಗ್ಲು ಒದ್ದಂಗೆ" ಅಂದ ತಾತ.

ನನ್ನ ಗಾಳದ ಕಥೆ ಕಾಲು ಗಂಟೆಯಲ್ಲಿ ಮುಗಿಯಿತು. ಎಂಟನೆಯ ಎಸೆತಕ್ಕೆ ಒಂದು ಗರಿ ತೇಲಿಹೋಯಿತು, ಹತ್ತನೆಯದಕ್ಕೆ ನಾಲ್ಕು. ಹನ್ನೆರಡನೆಯ ಸಲ ಮರದ ಮೀನು ಬೋಳು ಬಾಲದಿಂದ ಹಿಂದಕ್ಕೆ ಬಂತು, ನೂಲು ಬಾಡಿದ ಬಳ್ಳಿಯ ಹಾಗೆ ಜೋತುಬಿದ್ದಿತ್ತು. ಬೆರಳಲ್ಲಿ ಮುಟ್ಟಿದೆ, ಲೋಳೆ ಲೋಳೆ. ಆಗ ತಿಳಿಯಿತು. ನೂಲು ಹುರಿ ಮಾಡಿದ ಮೇಲೆ ನಾನು ಅದನ್ನು ಗಂಜಿಯಲ್ಲಿ ಅದ್ದಿ ಎಳೆದಿದ್ದೆ. ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಹಾಸಿನ ನೂಲಿಗೆ ಗಂಜಿ ಕೊಟ್ಟು ಕೊಟ್ಟು ಅಭ್ಯಾಸವಾದ ಕೈ ತಾನಾಗಿಯೇ ಆ ಕೆಲಸ ಮಾಡಿತ್ತು. ಒಣಗಿದಾಗ ಕಬ್ಬಿಣ, ನೆಂದಾಗ ಅಂಬಲಿ.

ತಾತ ಹುಟ್ಟು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಪ್ಪಾ ಗುರು, ಗಾಳ ಹಾಕಕ್ಕೆ ಬಂದಿದ್ಯೋ, ಮೀನಿಗೆ ಗಂಜಿ ಬಡಿಸಕ್ಕೆ ಬಂದಿದ್ಯೋ?" ವಿಷಯ ತಿಳಿದು ಸಾಹೇಬರೂ ನಕ್ಕರು. ನಾನು ಮಾತ್ರ ನಗಲಿಲ್ಲ. ನನ್ನ ಕಣ್ಣಿಗೆ ತೇಲಿಹೋಗುತ್ತಿದ್ದದ್ದು ಗರಿಯಲ್ಲ, ನೂಲಿನ ಚೀಟಿ.

ಮುಂದಿನ ವಾರವೆಲ್ಲ ಗಂಜಿಯ ಮಡಕೆಯನ್ನು ಅಟ್ಟಕ್ಕೆ ಹಾಕಿ ಕೂತೆ. ಹುರಿಗೆ ಜೇನುಮೇಣ ಉಜ್ಜಿದೆ. ಮೇಣ ಹಿಡಿದ ನೂಲು ನೂಲಿಗೆ ಕಚ್ಚಿಕೊಳ್ಳುತ್ತದೆ, ಬೆರಳು ಬಿಟ್ಟರೂ ಸಡಿಲವಾಗುವುದಿಲ್ಲ. ಮೇಲೆ ಬಡಗಿಯವನಿಂದ ತಂದ, ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಎರಡು ಸಲ ಬಳಿದೆ. ಕಟ್ಟಿದ ಗಾಳಗಳನ್ನು ಒಂದು ಹಗಲೂ ರಾತ್ರಿಯೂ ಚೊಂಬಿನ ನೀರಿನಲ್ಲಿ ಮುಳುಗಿಸಿಟ್ಟು ಪರೀಕ್ಷೆ ಮಾಡಿದೆ. ಅಲುಗಲಿಲ್ಲ.

ಎರಡನೆಯ ಭಾನುವಾರ ನೂಲು ನಿಂತಿತು, ಮೀನು ನಿಲ್ಲಲಿಲ್ಲ. ಮೂರು ಸಲ ನೀರು ಸಿಡಿಯಿತು, ಮೂರು ಸಲವೂ ಗಾಳ ಖಾಲಿ. ಚೆಂದಕ್ಕೆಂದು ನಾನು ಗರಿಗಳನ್ನು ಉದ್ದ ಬಿಟ್ಟಿದ್ದೆ, ಸೀರೆಯ ಸೆರಗಿಗೆ ಕುಚ್ಚು ಬಿಟ್ಟ ಹಾಗೆ. ಮೀನು ಗರಿಯ ತುದಿಯನ್ನಷ್ಟೇ ಕಚ್ಚಿ ಬಿಡುತ್ತಿತ್ತು. ಸಾಹೇಬರು ಬೈಯಲಿಲ್ಲ. ಒಂದು ಗಾಳ ಬಿಚ್ಚಿ ಅಂಗೈಯಲ್ಲಿಟ್ಟು ಪಾಠ ಹೇಳಿದರು. ಕೊಕ್ಕೆಯ ಬಾಗಿನಿಂದಾಚೆ ಗರಿ ಒಂದು ಬೆರಳಗಲ ಮಾತ್ರ ಚಾಚಬೇಕು. "ಎಳೆಯುವಾಗ ಮೀನು ಹಿಂದೆ ಬರುತ್ತದೆ, ನಿಲ್ಲಿಸಿದಾಗ ಬಾಯಿ ಹಾಕುತ್ತದೆ. ನಿಂತ ಮರಕ್ಕೆ ಜೀವವಿಲ್ಲ. ಗರಿ ಮಾತ್ರ ನಿಂತಾಗಲೂ ಉಸಿರಾಡುತ್ತದೆ, ಅದಕ್ಕೇ ಗರಿ" ಅಂದರು. ಗಾಳವನ್ನು ನೀರಿನಲ್ಲಿ ಬಿಟ್ಟು ತೋರಿಸಿದರು. ನಿಜವೇ. ಮರದ ಮೀನು ನಿಂತರೂ ಗರಿಗಳು ಮೆಲ್ಲಗೆ ತೆರೆದು ಮುಚ್ಚಿದವು.

ಆವತ್ತು ಬಿಸಿಲು ಏರಿದ ಮೇಲೆ ಜೊಂಡಿನ ನೆರಳಿನಲ್ಲಿ ಹರಿಗೋಲು ನಿಲ್ಲಿಸಿಕೊಂಡು ಮೂವರೂ ಕೂತಿದ್ದೆವು. ತಾತನ ಬಾಣಂತನದ ಮಾತನ್ನು ಸಾಹೇಬರಿಗೆ ಹೇಳಿದೆ. ಅವರು ಪೈಪು ಬಾಯಿಂದ ತೆಗೆದು, ಬಾಸ್ ಮೀನೂ ಹಾಗೆಯೇ ಎಂದರು. ಅಲ್ಲಿ ಗಂಡು ಮೀನು ಬಾಲದಿಂದ ತಳ ಗುಡಿಸಿ ಗೂಡು ಮಾಡುತ್ತದೆ, ಮೊಟ್ಟೆಗೆ, ಮರಿಗೆ ಅದೇ ಕಾವಲು. ಅವರು ಚಿಕ್ಕವರಿದ್ದಾಗ ಅವರ ಅಪ್ಪ ಅಂಥ ಜಾಗ ಕಂಡರೆ ದೋಣಿ ತಿರುಗಿಸಿಬಿಡುತ್ತಿದ್ದರಂತೆ. ಒಮ್ಮೆ ಇವರು ಆಸೆ ತಡೆಯಲಾರದೆ ಗಾಳ ಎಸೆದಿದ್ದಕ್ಕೆ ಅಪ್ಪ ಆ ಬೇಸಿಗೆಯೆಲ್ಲ ಇವರನ್ನು ದೋಣಿ ಹತ್ತಿಸಲಿಲ್ಲವಂತೆ.

ತಾತನಿಗೆ ದಾಟಿಸಿದೆ. ಅವನ ಮುಖ ಅರಳಿತು. "ಗಂಡಸು ಬಾಣಂತನ ಮಾಡ್ತಾನಾ! ನಮ್ಮೂರಲ್ಲಿ ಮೀನೂ ಮಾಡಲ್ಲ, ಮನುಷ್ಯನೂ ಮಾಡಲ್ಲ ಕಣೋ. ಇವ್ರಪ್ಪ ಒಳ್ಳೇನು ಅಂತ ಹೇಳು. ನಮ್ಮಪ್ಪನೂ ಇಂಥದ್ದಕ್ಕೇ ನಂಗೆ ಹೊಡ್ದಿದ್ದ ಅಂತ ಹೇಳು." ಹೇಳಿದೆ. ಸಾಹೇಬರು ಕೈ ಚಾಚಿ ತಾತನ ಕೈ ಕುಲುಕಿದರು. ಒಬ್ಬರ ಭಾಷೆ ಒಬ್ಬರಿಗೆ ಬರದ ಆ ಇಬ್ಬರ ನಡುವೆ ಓಡಾಡುತ್ತಿದ್ದದ್ದು ನನ್ನ ನಾಲಿಗೆ ಒಂದೇ. ಅವರಿಬ್ಬರೂ ಅದನ್ನು ಪೂರ್ತಿ ನಂಬಿದ್ದರು.

ಬಂಗಲೆಗೆ ಹಿಂತಿರುಗುವಾಗ ಧೈರ್ಯ ಮಾಡಿ ನೂಲಿನ ಮಾತೆತ್ತಿದೆ. ಮಗ್ಗ ಖಾಲಿ ಇದೆ, ಗೊತ್ತಿರುವ ಅಧಿಕಾರಿಗಳಿಗೆ ಒಂದು ಮಾತು ಬರೆದುಕೊಟ್ಟರೆ ಉಪಕಾರವಾಗುತ್ತದೆ ಎಂದೆ. "ನೋಡೋಣ" ಅಂದರು. ನಮ್ಮ ಕಚೇರಿಗಳಲ್ಲಿ ನೋಡೋಣ ಅಂದರೆ ಏನರ್ಥ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ದೊಡ್ಡ ಮೀನು ನನ್ನ ಗಾಳಕ್ಕೆ ಬೀಳಲಿ, ಆಮೇಲೆ ಇವರು ಬರೆಯುತ್ತಾರೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಆ ಷರತ್ತು ಅವರು ಹಾಕಿದ್ದಲ್ಲ.

ಮೂರನೆಯ ಭಾನುವಾರ ಗರಿ ಕತ್ತರಿಸಿದ ಅಳತೆ ಸರಿಯಾಗಿತ್ತು, ಗಾಳಿ ಸರಿಯಿರಲಿಲ್ಲ. ಕೆರೆಯೆಲ್ಲ ಅಲೆ. ಅಂಗೈಯುದ್ದದ ಒಂದು ಮರಿ ಕೊರಮೀನು ಬಿತ್ತು, ಸಾಹೇಬರು ಬಿಡಿಸಿ ನೀರಿಗೆ ಬಿಟ್ಟರು. ಸಾಯಂಕಾಲ ಭಾವ ಹೇಳಿದರು, ಸಾಹೇಬರಿಗೆ ಪೂರ್ವದ ಕಡೆ ಹೋಗುವ ಆರ್ಡರ್ ಬಂದಿದೆ, ಇನ್ನೊಂದೇ ಭಾನುವಾರ ಉಳಿದಿರುವುದು. ಒಂದೇ ಭಾನುವಾರದಲ್ಲಿ ದೊಡ್ಡ ಮೀನು ಬೀಳಿಸುವುದು ಹೇಗೆ ಎಂದು ಲೆಕ್ಕ ಹಾಕುತ್ತಲೇ ಬಸ್ಸಿನಲ್ಲಿ ಊರಿಗೆ ಬಂದೆ.

ನಾಲ್ಕನೆಯ ಭಾನುವಾರ ತಾತನಿಗೆ ಜ್ವರ. ಗುಡಿಸಲಿನ ಮುಂದೆ ಕಂಬಳಿ ಹೊದ್ದು ಕೂತಿದ್ದ. ಮೂರು ವಾರದಲ್ಲಿ ನಾನು ಸುಮಾರಾಗಿ ಹುಟ್ಟು ಹಾಕಲು ಕಲಿತಿದ್ದೆ.

"ನೀನೇ ಕರ್ಕೊಂಡು ಹೋಗು ಮಗ. ದೊರೆ ಇವತ್ತೇ ಹೊಂಟೋಗ್ತಾನೆ, ಪಾಪ, ಬೇಡ ಅನ್ಬಾರ್ದು" ಅಂದ. ಹುಟ್ಟನ್ನು ನನ್ನ ಕೈಗಿಟ್ಟು, "ತೂಬಿನ ಕಡೆ ಜೊಂಡಿನತಾವ ಹೋಗ್ಬೇಡ. ನೆನ್ನೆ ನೋಡ್ದೆ, ಅಲ್ಲಿ ಬಾಣಂತನ ಐತೆ" ಅಂದ.

"ಹೋಗಲ್ಲ ತಾತ" ಅಂದೆ. ಹೇಳುವಾಗ ಸುಳ್ಳಾಗಿರಲಿಲ್ಲ.

ಬೆಳಗಿನಿಂದ ಹತ್ತು ಗಂಟೆಯವರೆಗೆ ಕೆರೆಯ ನಡುವೆ, ಮೂಡಣ ದಡದಲ್ಲಿ, ಮುಳುಗಿದ ಜಾಲಿಮರಗಳ ಸಾಲಿನಲ್ಲಿ ಎಸೆದರು. ಒಂದು ಮೀನೂ ತಿರುಗಿ ನೋಡಲಿಲ್ಲ. ಗಾಳಿ ಪೂರ್ತಿ ನಿಂತು ನೀರು ಕನ್ನಡಿಯಾಗಿತ್ತು. ಸಾಹೇಬರು ಎರಡು ಸಲ ಕೈಗಡಿಯಾರ ನೋಡಿದರು. ಮಧ್ಯಾಹ್ನಕ್ಕೆ ಜೀಪು ಹೊರಡಬೇಕಿತ್ತು. ಅವರು ಸಮಾಧಾನವಾಗಿಯೇ ಇದ್ದರು, ಪರದಾಡುತ್ತಿದ್ದವನು ನಾನು. ಹುಟ್ಟು ಹಾಕುತ್ತ ಹಾಕುತ್ತ ಹರಿಗೋಲು ತೂಬಿನ ಕಡೆ ತಿರುಗಿತು. ತಾನಾಗಿ ತಿರುಗಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹರಿಗೋಲು ತಾನಾಗಿ ಸುತ್ತುತ್ತದೆ, ನಿಜ. ಆದರೆ ತಾನಾಗಿ ಇನ್ನೂರು ಗಜ ಒಂದೇ ದಿಕ್ಕಿಗೆ ಹೋಗುವುದಿಲ್ಲ.

ಜೊಂಡಿನ ಅಂಚಿನಲ್ಲಿ ನೀರು ಕೆಂಪಾಗಿ ಮಿಸುಕಿತು. ಒಂದು ತಟ್ಟೆಯಗಲ. ಮೇಲೆ ಬಂತು, ಸಣ್ಣ ಮಳೆಹನಿ ಬಿದ್ದಂತೆ ಸದ್ದು ಮಾಡಿತು, ಮುಳುಗಿತು. ಸಾಹೇಬರು ಎತ್ತಿದ ಗಾಳದ ಕೋಲನ್ನು ಹಾಗೇ ಹಿಡಿದರು.

"ಆ ಕೆಂಪು ಏನು? ಮರಿಗಳಾ?" ಎಂದು ಕೇಳಿದರು.

ಅವರ ಕಣ್ಣಿಗೆ ಎದುರು ಬಿಸಿಲು. ನನ್ನ ಬೆನ್ನಿಗೆ ಬಿಸಿಲು. ನನಗೆ ಒಂದೊಂದು ಮರಿಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು.

"ಅಲ್ಲ, ಪಾಚಿ. ಬಿಸಿಲಿಗೆ ನಮ್ಮ ಕೆರೆಗಳಲ್ಲಿ ಕೆಂಪು ಪಾಚಿ ಏಳುತ್ತದೆ" ಅಂದೆ. ಅಲ್ಲಿಯವರೆಗೆ ತಡವರಿಸುತ್ತಿದ್ದ ನನ್ನ ಇಂಗ್ಲಿಷ್ ಆ ಒಂದು ಮಾತಿಗೆ ಎಲ್ಲೂ ತಡವರಿಸಲಿಲ್ಲ.

ಅವರು ನನ್ನ ಮಾತು ನಂಬಿ ಎಸೆದರು. ಮರದ ಮೀನು ಕೆಂಪಿನಿಂದ ಮೊಳ ಆಚೆ ಬಿತ್ತು. ಎರಡು ಸಲ ಎಳೆದು ನಿಲ್ಲಿಸಿದರು. ನಾನು ಕಟ್ಟಿದ ಗರಿಗಳು ತೆರೆದುಕೊಂಡವು. ಅವು ಮುಚ್ಚುವಷ್ಟರಲ್ಲಿ ನೀರು ಒಡೆಯಿತು.

ಎಳೆದು ತರಲು ಬಹಳ ಹೊತ್ತು ಬೇಕಾಯಿತು. ನನ್ನ ತೊಡೆಯಷ್ಟು ದಪ್ಪದ ಮೀನು. ಹರಿಗೋಲಿನ ಅಂಚಿಗೆ ಬಂದಾಗ ನೋಡಿದೆವು, ಮೂರು ಕೊಕ್ಕೆಯಲ್ಲಿ ಎರಡು ಕಿವಿರಿನ ಒಳಗೆ ಹೂತಿದ್ದವು. ರಕ್ತ ಒಂದೇ ಸಮನೆ ಬರುತ್ತಿತ್ತು. ನೂಲು ಮಾತ್ರ ಒಂದು ಎಳೆಯೂ ಸಡಿಲವಾಗಿರಲಿಲ್ಲ. ನಾನು ನಗುತ್ತಿದ್ದೆ, ಅದು ಚೆನ್ನಾಗಿ ನೆನಪಿದೆ.

ಆಗ ಮರಿಗಳು ಬಂದವು. ಕಾವಲು ತಪ್ಪಿದ್ದಕ್ಕೋ ಏನೋ, ಒಟ್ಟಾಗಿದ್ದ ಕೆಂಪು ಒಡೆದು ಹರಿಗೋಲಿನ ಸುತ್ತ ಎಳೆ ಎಳೆಯಾಗಿ ಹರಡಿತು. ಸಾಹೇಬರು ಬಗ್ಗಿ ನೋಡಿದರು, ಈಗ ಅವರಿಗೂ ಬಿಸಿಲು ಅಡ್ಡ ಇರಲಿಲ್ಲ. ಇಕ್ಕಳ ತೆಗೆದು ಕೊಕ್ಕೆಗಳನ್ನು ಕತ್ತರಿಸಿದರು. ಮೀನನ್ನು ಎರಡೂ ಕೈಯಲ್ಲಿ ನೀರಿನೊಳಗೆ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬಹಳ ಹೊತ್ತು ಮಂಡಿಯೂರಿ ಕೂತರು. ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿತು. ಮತ್ತೆ ಹಿಡಿದರು, ಮತ್ತೆ ತೇಲಿತು. ಜೊಂಡಿನ ಆಚೆಯಿಂದ ಎರಡು ನೀರುಕಾಗೆಗಳು ಆಗಲೇ ಬಂದು ಮುಳುಗತೊಡಗಿದ್ದವು.

ಕೊನೆಗೆ ಸಾಹೇಬರು ನನ್ನ ಮುಖ ನೋಡಿದರು. "ರೇಷ್ಮೆಯ ಒಂದು ಎಳೆ ಕಾಣುವ ಕಣ್ಣಿಗೆ ಇವು ಕಾಣಲಿಲ್ಲವೇ?" ಎಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಹುಟ್ಟು ಹಾಕುತ್ತಾ ಹೋದೆ.

ಬಂಗಲೆಯ ಹಿತ್ತಿಲಿನಲ್ಲಿ ಭಾವ ಕೈ ಒರೆಸಿಕೊಳ್ಳುತ್ತ ಬಂದು, "ಏನೋ ಮುಖ ಹಿಂಗೆ ಮಾಡ್ಕೊಂಡಿದೀಯ? ತಗೋ, ನಿನ್ನ ನೂಲಿನ ಕಾಗದ. ನೆನ್ನೆ ಸಾಯಂಕಾಲನೇ ಬರ್ದು ನನ್ ಕೈಲಿ ಕೊಟ್ಟಿದ್ರು, ಮರ್ತುಬಿಟ್ಟಿದ್ದೆ" ಎಂದು ಲಕೋಟೆ ಕೊಟ್ಟರು. ನೆನ್ನೆ ಸಾಯಂಕಾಲ. ಅಂದರೆ ಮೀನು ಬೀಳುವ ಮೊದಲು, ನಾನು ಆ ಸುಳ್ಳಿಗೆ ಬಾಯಿ ತೆರೆಯುವ ಮೊದಲು. ಅದನ್ನು ಅಲ್ಲೇ ಹರಿದುಹಾಕಬೇಕಿತ್ತು ಎಂದು ಈಗ ಹೇಳುವುದು ಸುಲಭ. ಮಡಚಿ ಜೇಬಿನಲ್ಲಿಟ್ಟುಕೊಂಡೆ. ದಡಕ್ಕೆ ತಂದ ಆ ಸತ್ತ ಮೀನನ್ನು ಭಾವ ಸಾರು ಮಾಡಿದರು, ಸಾಹೇಬರು ಬರೀ ಬ್ರೆಡ್ಡು ತಿಂದು ಹೊರಟರು.

ಕಾಗದ ಕೆಲಸ ಮಾಡಿತು. ನಾಲ್ಕೇ ದಿನದಲ್ಲಿ ನೂಲು ಸಿಕ್ಕಿತು. ಮನೆಯವಳು ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದಳು. ಬೀದಿಯಲ್ಲಿ ಮೊದಲು ಸದ್ದು ಮಾಡಿದ್ದು ನನ್ನ ಲಾಳಿ. ಅದರ ಸದ್ದು ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಭಾನುವಾರ ಬರುವಷ್ಟರಲ್ಲಿ ತಡೆಯಲಾಗಲಿಲ್ಲ, ತಾತನಿಗೆ ನಿಜ ಹೇಳಿಬಿಡಬೇಕು ಎಂದು ಬಸ್ಸು ಹತ್ತಿದೆ.

ತಾತ ಜ್ವರ ಬಿಟ್ಟು ಎದ್ದಿದ್ದ. ಕೆರೆ ಏರಿಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದವನು ನನ್ನನ್ನು ಕಂಡರೂ ಎಂದಿನಂತೆ ತಮಾಷೆ ಮಾಡಲಿಲ್ಲ.

"ತೂಬಿನತಾವ ಹೋಗಿದ್ದೆ ಮಗ. ಒಂದು ಮರಿನೂ ಇಲ್ಲ. ಕೊಕ್ಕರೆ ನೀರುಕಾಗೆ ಬಿಟ್ರೆ ಏನೂ ಇಲ್ಲ. ದೊರೆ ಅಲ್ಲಿ ಎಸೆದ್ನಾ?"

ನಾನು ಹೌದೆಂದು ತಲೆ ಆಡಿಸಿದೆ.

"ನೀನು ಹೇಳ್ಲಿಲ್ವಾ?"

ಈಗ ಹೇಳಬೇಕಿತ್ತು. ಅದಕ್ಕೇ ಬಂದಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಅವನು ಕೇಳಿದ ರೀತಿಯಲ್ಲಿ ಉತ್ತರ ಮೊದಲೇ ಇತ್ತು. ನಾನು ಹೇಳಿಯೇ ಇರುತ್ತೇನೆ ಎಂದು ಅವನು ನಂಬಿಬಿಟ್ಟಿದ್ದ.

"ಹೇಳ್ದೆ ತಾತ. ಕೇಳ್ಲಿಲ್ಲ" ಅಂದೆ.

ಅವನು ಬಲೆಯ ಕಡೆ ನೋಡುತ್ತ ಕೂತ. "ಅವ್ರಪ್ಪನ ಕತೆ ಹೇಳಿದ್ನಲ್ಲೋ. ಅಂಥೋನು..." ಎಂದು ಅರ್ಧಕ್ಕೇ ನಿಲ್ಲಿಸಿದ.

ಅಷ್ಟು ಹೊತ್ತಿಗೆ ನಾನು ಬಂದದ್ದು ತಿಳಿದು ಭಾವ ಏರಿಯ ಮೇಲೆ ಬಂದರು. ಕೈಯಲ್ಲಿ ಇನ್ನೊಂದು ಲಕೋಟೆ. "ಆವತ್ತು ಸಾಹೇಬ್ರು ಜೀಪ್ ಹತ್ತೋವಾಗ ಕೊಟ್ರು ಕಣೋ, ನೀನು ಆಗ್ಲೇ ಹೋಗ್ಬಿಟ್ಟಿದ್ದೆ. ತಾತಂಗೆ ಬರ್ದಿರೋದಂತೆ. ನೀನೇ ಓದಿ ಹೇಳ್ಬೇಕಂತೆ."

ಲಕೋಟೆ ಬಿಡಿಸಿದೆ. ನನ್ನ ಸುಳ್ಳನ್ನು ನನ್ನ ಬಾಯಲ್ಲೇ ಓದಿಸುತ್ತಿದ್ದಾರೆ ಎಂದುಕೊಂಡೆ. ಒಂದೇ ಉಸಿರಿಗೆ ಮೇಲಿನಿಂದ ಕೆಳಗೆ ನನ್ನ ಹೆಸರು ಹುಡುಕಿದೆ, ಪಾಚಿ ಎಂಬ ಮಾತು ಹುಡುಕಿದೆ. ಎರಡೂ ಇರಲಿಲ್ಲ. ಐದಾರು ಸಾಲಷ್ಟೇ. ತಾತ ಮುಖ ಎತ್ತಿ ಕಾಯುತ್ತಿದ್ದ. ಕನ್ನಡ ಮಾಡಿ ಓದಿದೆ.

"ತಾತ, ಜೊಂಡಿನ ಹತ್ತಿರದ ಮೀನು ಸತ್ತದ್ದು ನನ್ನಿಂದ. ನೀನು ನಂಬಿ ಹರಿಗೋಲು ಕೊಟ್ಟಿದ್ದೆ. ಆ ನಂಬಿಕೆ ಉಳಿಸಿಕೊಳ್ಳಲಿಲ್ಲ. ನನಗೆ ಗೊತ್ತಾಗಬೇಕಿತ್ತು. ತಪ್ಪು ನನ್ನದು, ಇನ್ನಾರದೂ ಅಲ್ಲ. ಕ್ಷಮಿಸು."

ತಾತ ಬಲೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ನೋಡ್ದಾ, ಒಪ್ಕೊಂಡ. ದೊಡ್ಡ ಮನುಷ್ಯ ಕಣೋ. ನಮ್ಮೋರಾಗಿದ್ರೆ ನಾನಲ್ಲ ಅಂತಿದ್ರು" ಅಂದ. ನಾನು ಹೌದು ಅಂದೆ.

ಆಮೇಲೆ ಯುದ್ಧ ಮುಗಿಯಿತು, ನೂಲು ಸಲೀಸಾಗಿ ಸಿಗತೊಡಗಿತು. ಗರಿಯ ಗಾಳವನ್ನು ನಾನು ಮತ್ತೆ ಕಟ್ಟಲಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ತಾತನನ್ನು ನೋಡಿ ಬರುತ್ತಿದ್ದೆ. ಹೋಗದಿದ್ದರೆ ಅವನೇ ಹೇಳಿಕಳಿಸುತ್ತಿದ್ದ. ಹೋದ ಕೂಡಲೇ ಗುಡಿಸಲಿನ ಸೂರಿಗೆ ಸಿಕ್ಕಿಸಿದ್ದ ಆ ಕಾಗದ ತೆಗೆದು, "ದೊರೆ ಮಾತು ಇನ್ನೊಂದು ಸಲ ಓದು ಮಗ" ಎನ್ನುತ್ತಿದ್ದ. ನಾನು ಓದುತ್ತಿದ್ದೆ. ತಪ್ಪು ನನ್ನದು, ಇನ್ನಾರದೂ ಅಲ್ಲ, ಕ್ಷಮಿಸು. ಪ್ರತಿ ಸಲ ಆ ಸಾಲಿಗೆ ಬಂದಾಗ, ಇದು ಅವರದಲ್ಲ ತಾತ, ನನ್ನದು ಎಂಬ ಮಾತು ಗಂಟಲವರೆಗೆ ಬರುತ್ತಿತ್ತು. ಪ್ರತಿ ಸಲ ಕಾಗದ ಮಡಚಿ ವಾಪಸು ಕೊಡುತ್ತಿದ್ದೆ.

ಕೊನೆಯ ಸಲ ಹೋದಾಗ ತಾತನಿಗೆ ಕಣ್ಣು ಮಂಜಾಗಿತ್ತು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕಾಗದ ಮಡಿಕೆಯಲ್ಲಿ ಹರಿದು, ಹೊಗೆ ಹಿಡಿದು, ಅದರಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. "ಓದು ಮಗ" ಅಂದ. ಬರಿಯ ಕಾಗದವನ್ನು ಮುಂದೆ ಹಿಡಿದುಕೊಂಡು, ಪೂರ್ತಿ ಬಾಯಿಪಾಠದಿಂದ, ನನ್ನ ದನಿಯಲ್ಲೇ 'ತಪ್ಪು ನನ್ನದು, ಕ್ಷಮಿಸು ತಾತ' ಎಂದೆ. ತಾತ ನನ್ನ ಕೈ ತಡವಿ ಹಿಡಿದು, "ಎಂದೋ ಕ್ಷಮಿಸಿದ್ದೀನಿ ಅಂತ ಆ ದೊರೆಗೆ ಒಂದು ಕಾಗದ ಬರಿ" ಅಂದ.